ಇಬ್ಬರೇ ಹೋದರೆ ತಪ್ಪೇನು?



ಈ ಪಕ್ಷ ಬಂದ ಕಾಗದಗಳ ನಡುವೆ ಕಡಬದ ಕಡೆಯ ಸೋದರಿಯೊಬ್ಬರ ಕಾಗದ ನನ್ನನ್ನು ಎರಡು ದಿನ ಕಾಡಿತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಮದುವೆಯಾಗಿ 26 ವರ್ಷಗಳಾದುವಂತೆ. ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ದನ, ಮನೆಯಲ್ಲಿ ವಯಸ್ಸಾದ ಅತ್ತೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗ ದೀಪಾವಳಿಗೆ ಬಂದವನು ತಾಯಿಯ ಕೈಯಲ್ಲಿ ಒಂದಿಷ್ಟು ಹಣವಿಟ್ಟು, "ಅಮ್ಮಾ, ನೀನೂ ಅಪ್ಪನೂ ಇಬ್ಬರೇ ಎಲ್ಲಿಗಾದರೂ ಹೋಗಿ ಬನ್ನಿ" ಎಂದನಂತೆ. ಆ ಹಣ ಈಗಲೂ ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗೇ ಇದೆ.

ಅವರು ಬರೆಯುತ್ತಾರೆ: "ಎಲ್ಲಿಗೆಂದು ಹೋಗುವುದು ಅಕ್ಕಾ? ಹರಕೆ ಬಾಕಿ ಇಲ್ಲ, ನೆಂಟರಲ್ಲಿ ಮದುವೆ ಇಲ್ಲ, ದೇವರ ದಯೆಯಿಂದ ಆಸ್ಪತ್ರೆಯ ಕೆಲಸವೂ ಇಲ್ಲ. ಕಾರಣವಿಲ್ಲದೆ ಗಂಡ ಹೆಂಡತಿ ಚೀಲ ಹಿಡಿದು ಹೊರಟರೆ ನೆರೆಕರೆಯವರು ನಗಲಿಕ್ಕಿಲ್ಲವೇ? ಇವರು ಒಪ್ಪುವುದೂ ಸಂಶಯ. ಒಪ್ಪಿದರೂ ಎರಡು ದಿನ ಒಟ್ಟಿಗೆ ಕೂತು ಮಾತಾಡಲಿಕ್ಕೆ ನಮ್ಮಲ್ಲಿ ಎಂತ ಉಂಟು?"

ಆ ಕೊನೆಯ ವಾಕ್ಯ ಓದಿ ನಾನು ಕಾಗದವನ್ನು ಮಡಚಿಟ್ಟು ಸುಮ್ಮನೆ ಕೂತೆ. ಏಕೆಂದರೆ ಕಳೆದ ವರ್ಷ ಇದೇ ಮಾತನ್ನು ನಾನೂ ನನ್ನ ಮಗಳಿಗೆ ಹೇಳಿದ್ದೆ. ಹಾಗಾಗಿ ಈ ಸಲ ಉಪದೇಶ ಬೇಡ. ಕಳೆದ ಚಳಿಗಾಲದಲ್ಲಿ ನಾವಿಬ್ಬರು ಹೋಗಿ ಬಂದ ಎರಡು ಹಗಲು, ಒಂದು ರಾತ್ರಿಯ ಕತೆಯನ್ನು ಇದ್ದ ಹಾಗೇ ಹೇಳುತ್ತೇನೆ. ಓದಿ, ನೀವೇ ತೀರ್ಮಾನಿಸಿ.

ನಮ್ಮದು ಸುಳ್ಯದ ಕಡೆಯ ತೋಟ. ಆ ಕಡೆಯವರಿಗೆ ಹಳದಿ ಎಲೆ ರೋಗದ ಬಗ್ಗೆ ನಾನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು: ಹಸಿರು ಸೋಗೆ ತುದಿಯಿಂದ ಹಳದಿಯಾಗುತ್ತ ಬರುತ್ತದೆ, ಮಂಡೆ ಸಣ್ಣದಾಗುತ್ತದೆ, ಅಡಿಕೆ ಒಳಗೇ ಕಪ್ಪಾಗಿ ಉದುರುತ್ತದೆ. ಮರ ಒಮ್ಮೆಗೇ ಸಾಯುವುದಿಲ್ಲ; ವರ್ಷ ವರ್ಷವೂ ನಮ್ಮ ಕಣ್ಣೆದುರೇ ಸೊರಗುತ್ತದೆ. ಗುಣಪಡಿಸುವ ಮದ್ದು ಇದುವರೆಗೆ ಬಂದಿಲ್ಲ. ಮಾವ ಇಟ್ಟ ಕೆಳಗಿನ ತೋಟ ಹಾಗೆ ಹೋಯಿತು. ಕಡಿದು ಹೊಸ ಸಸಿ ಇಟ್ಟೆವು. ಅದೂ ಫಸಲಿಗೆ ಬರುವ ಹೊತ್ತಿಗೆ ಹಳದಿಯಾಯಿತು.

ತೋಟ ಹಳದಿಯಾದ ಹಾಗೆ ನಮ್ಮವರು ಮೌನವಾದರು. ಮೊದಲು ಹಾಗಿದ್ದವರಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಊಟಕ್ಕೆ ಕೂತರೆ ಸಾರಿಗೆ ಉಪ್ಪು ಸಾಲದ್ದನ್ನೂ ಅರ್ಧ ಗಳಿಗೆ ವಾದಿಸುತ್ತಿದ್ದವರು. ಈಗ ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಾರೆ. ನಮ್ಮೊಳಗಿನ ಮಾತು ಎಂದರೆ "ಗ್ಯಾಸ್ ಮುಗಿಯಿತು", "ಪಂಪು ನಿಲ್ಲಿಸಿದ್ದೀರಾ", "ನಾಳೆ ಆಳು ಬರುತ್ತದಾ", ಇಷ್ಟೇ. ಜಗಳವೂ ಇಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಮೌನಕ್ಕೆ ಅಂಥ ಗಡುವು ಇಲ್ಲ, ಸೋದರಿಯರೇ.

ಪುತ್ತೂರಿಗೆ ಕೊಟ್ಟ ಮಗಳು ಇದನ್ನು ನೋಡಿ ನೋಡಿ ಕೊನೆಗೆ ತಾನೇ ರೈಲು ಟಿಕೆಟು ತೆಗೆದು ತಂದಳು. ಎಲ್ಲಿಗೆ? ಕುಂದಾಪುರದ ಬಳಿಯ ಉಪ್ಪಿನಕುದ್ರುವಿಗೆ. ಅವಳ ಗೆಳತಿಯ ತಾಯಿಮನೆ ಅಲ್ಲಿ. "ಅಪ್ಪನಿಗೆ ಗೊಂಬೆಯಾಟ ನೋಡಿದ ಹಾಗಾಯಿತು, ನಿನಗೆ ಒಲೆಯಿಂದ ಬಿಡುಗಡೆಯಾಯಿತು" ಎಂದಳು.

ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಅತ್ತೆಯ ಹತ್ತಿರ ಕೊಲ್ಲೂರಿಗೆ ಹೋಗುತ್ತೇವೆ ಎನ್ನುವುದು! ಹೇಗೂ ಅದೇ ದಿಕ್ಕು. ಮೂಕಾಂಬಿಕೆಯ ಹೆಸರು ಹೇಳಿದರೆ ಯಾರೂ ಮರುಮಾತಾಡಲಿಕ್ಕಿಲ್ಲ. ಆದರೆ ದೇವಿಯ ಹೆಸರಿನಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನೇ ಹೇಳಿದೆ. ಅತ್ತೆ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನ ಮುಖ ನೋಡಿದರು. "ನಾನು ನಿನ್ನ ಮಾವನೊಟ್ಟಿಗೆ ಇಬ್ಬರೇ ಅಂತ ಹೋದದ್ದು ಒಂದೇ ಸಲ. ಅವರಿಗೆ ಹಾವು ಕಚ್ಚಿದಾಗ ಜೀಪಿನಲ್ಲಿ ಆಸ್ಪತ್ರೆಗೆ. ನೀವು ಹೋಗಿ ಬನ್ನಿ, ದನ ನಾನು ನೋಡಿಕೊಳ್ಳುತ್ತೇನೆ" ಎಂದರು.

ಸುಳ್ಯಕ್ಕೆ ರೈಲಿಲ್ಲ. ಸುಳ್ಯದವರು ಒಂದೋ ಪುತ್ತೂರಿಗೆ ಬರಬೇಕು, ಇಲ್ಲವೇ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹೋಗಬೇಕು. ಕಡಬದವರಿಗಂತೂ ನೆಟ್ಟಣವೇ ಹತ್ತಿರ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲು ಇವೆರಡೂ ಕಡೆ ನಿಂತು ಹೋಗುತ್ತದೆ. ನಾವು ಮಗಳ ಮನೆಯಲ್ಲಿ ಊಟ ಮುಗಿಸಿ ನಡುರಾತ್ರಿ ಕಳೆದ ಮೇಲೆ ಕಬಕ ಪುತ್ತೂರಿನಲ್ಲಿ ಹತ್ತಿದೆವು. ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಕುಂದಾಪುರ ಬಂತು. ನಿಲ್ದಾಣವಿರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಅಲ್ಲಿಂದ ರಿಕ್ಷಾ ಹಿಡಿದು ತಲ್ಲೂರಿನ ಮೇಲೆ ಉಪ್ಪಿನಕುದ್ರು ಸೇರುವಾಗ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಇಡೀ ದಾರಿಯಲ್ಲಿ ನಮ್ಮವರು ಆಡಿದ್ದು ಎರಡೇ ಮಾತು: "ಚೀಲ ಉಂಟಾ?" "ಉಂಟಾ?"

ಹೊಳೆಯ ನಡುವಿನ ನೆಲಕ್ಕೆ ನಮ್ಮ ತುಳುನಾಡಿನಲ್ಲೂ ಕುಂದಾಪುರದ ಕಡೆಯಲ್ಲೂ ಕುದ್ರು ಎನ್ನುವುದು ನಿಮಗೆ ತಿಳಿದದ್ದೇ. ಇದು ಉಪ್ಪಿನ ಕುದ್ರು. ನಮ್ಮ ಉಪ್ಪಿನಂಗಡಿಯ ಹೆಸರಿನಲ್ಲೂ ಉಪ್ಪಿದೆ, ಆದರೆ ಅಲ್ಲಿ ನೇತ್ರಾವತಿ, ಕುಮಾರಧಾರಾ ಎರಡೂ ಸಿಹಿನೀರಿನವು. ಇಲ್ಲಿ ಹಾಗಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕೂಡಿ ಸಮುದ್ರ ಸೇರುತ್ತವೆ. ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ದಿನಕ್ಕೆ ಎರಡು ಸಲ ಕಡಲು ಉಬ್ಬಿ ಉಪ್ಪುನೀರು ಒಳಗೆ ಬರುತ್ತದೆ, ಎರಡು ಸಲ ಇಳಿದು ಹೋಗುತ್ತದೆ. ದಡದಲ್ಲಿ ಕಾಂಡ್ಲಾ ಗಿಡಗಳು ಬೇರನ್ನು ಕೆಸರಿಗೆ ಊರಿ ನಿಂತಿವೆ. ಒಳಗೆಲ್ಲ ತೆಂಗು.

ಪಯಸ್ವಿನಿಯನ್ನು ದಿನವೂ ನೋಡುವವಳು ನಾನು. ನಮ್ಮಲ್ಲಿ ಅವಳು ಕಲ್ಲಿನ ಮೇಲೆ ಹಾರುವ ಹುಡುಗಿ. ಅವಳೇ ಕಾಸರಗೋಡಿಗೆ ಹೋಗಿ ಚಂದ್ರಗಿರಿ ಎನ್ನಿಸಿಕೊಂಡು ಸಮುದ್ರ ಸೇರುತ್ತಾಳೆಂದು ಶಾಲೆಯಲ್ಲಿ ಕಲಿತದ್ದಷ್ಟೇ. ಹೊಳೆಗೆ ವಯಸ್ಸಾದರೆ ಎಷ್ಟು ಅಗಲ, ಎಷ್ಟು ನಿಧಾನ ಎಂಬುದನ್ನು ಕಣ್ಣಾರೆ ಕಂಡದ್ದು ಈ ಕುದ್ರುವಿನಲ್ಲಿ.

ಮನೆಯೊಡತಿ ಅರುವತ್ತು ದಾಟಿದ ಹೆಂಗಸು. ಅಂಗಳಕ್ಕೆ ಬಂದು, "ಹ್ವಾಯ್, ಬನ್ನಿ, ಕೂಕಣಿ" ಎಂದರು. ನಾವು ಮನೆಯಲ್ಲಿ ಆಡುವುದು ಅರೆಭಾಷೆ, ಅವರದು ಕುಂದಾಪ್ರ ಕನ್ನಡ. ಎರಡೂ ಕನ್ನಡವೇ, ಆದರೂ ಮೊದಲ ಅರ್ಧ ಗಂಟೆ ಇಬ್ಬರೂ ಎದುರಿನವರ ಬಾಯಿಯನ್ನೇ ನೋಡುತ್ತಿದ್ದೆವು! ಅಕ್ಷರಗಳನ್ನು ನುಂಗಿ ಅವರು ಆಡುವ ಚುರುಕು ಮಾತಿಗೆ ನನ್ನ ಕಿವಿ ಹೊಂದಿಕೊಳ್ಳುವಷ್ಟರಲ್ಲಿ ಉದ್ದಿನ ದೋಸೆಯೂ ಕೋಳಿ ಸಾರೂ ಎದುರಿಗೆ ಬಂದಾಗಿತ್ತು.

ಅಡಿಗೆಮನೆಯ ಸುದ್ದಿ ಕೇಳದೆ ನೀವು ನನ್ನನ್ನು ಬಿಡುವವರಲ್ಲ. ಕುಂದಾಪುರದವರ ಮಸಾಲೆ ಪುಡಿಯನ್ನು ಮನೆಯಲ್ಲೇ ಹುರಿದು ಕುಟ್ಟಿ ವರ್ಷಕ್ಕಾಗುವಷ್ಟು ಡಬ್ಬಿಯಲ್ಲಿ ತುಂಬಿಡುತ್ತಾರೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಅರಿಸಿನ, ಬೆಳ್ಳುಳ್ಳಿ. ನಮ್ಮ ಅಡಿಗೆಯಲ್ಲೂ ಇವೇ ಸಾಮಾನು. ಆದರೆ ಅವರು ಸಾರು ಇಳಿಸುವ ಹೊತ್ತಿಗೆ ಗಟ್ಟಿ ಕಾಯಿಹಾಲು ಹೊಯ್ಯುತ್ತಾರೆ. ಖಾರ ನಾಲಿಗೆಗೆ ತಗಲುವ ಮೊದಲು ತೆಂಗಿನ ಸಿಹಿ ತಗಲುತ್ತದೆ. ಕಾಯಿಹಾಲು ಹೊಯ್ದ ಮೇಲೆ ಜೋರಾಗಿ ಕುದಿಸಬಾರದು, ಒಡೆಯುತ್ತದೆ. ಇದನ್ನು ಅವರು ಮೂರು ಸಲ ಹೇಳಿದರು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ನಾವು ಮರುವಾಯಿ ಎನ್ನುವ ಚಿಪ್ಪಿನ ಸುಕ್ಕ, ಹುರಿದ ಕಾಣೆ ಮೀನು. ನಮ್ಮ ಸುಳ್ಯಕ್ಕೆ ಮೀನು ಐಸಿನ ಮೇಲೆ ಮಲಗಿ ಲಾರಿಯಲ್ಲಿ ಬರುತ್ತದೆ. ಬೆಳಿಗ್ಗೆ ಹೊಳೆಯಲ್ಲಿದ್ದದ್ದು ಮಧ್ಯಾಹ್ನ ಬಟ್ಟಲಿಗೆ ಬಂದರೆ ಅದರ ರುಚಿಯೇ ಬೇರೆ. ಒಗ್ಗರಣೆ, ಹುಳಿ ಯಾವುದರ ಹಂಗೂ ಬೇಕಾಗುವುದಿಲ್ಲ. ನೀರು ಇಳಿದಾಗ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಆ ಚಿಪ್ಪು ಹೆಕ್ಕುವುದನ್ನು ನಾನು ದಡದಲ್ಲಿ ನಿಂತು ನೋಡಿದೆ. ಸೊಂಟ ಬಗ್ಗಿಸಿದವರು ಬುಟ್ಟಿ ತುಂಬುವ ತನಕ ನೆಟ್ಟಗಾಗುವುದಿಲ್ಲ. ಅಡಿಕೆ ಹೆಕ್ಕುವ ನಮ್ಮ ಸೊಂಟಕ್ಕೂ ಅವರ ಸೊಂಟಕ್ಕೂ ನೆಂಟಸ್ತಿಕೆ ಉಂಟು ಎಂದುಕೊಂಡೆ. ಬೇರೆಯವರು ಬಡಿಸಿದ್ದನ್ನು ಕೂತು ಉಣ್ಣುವುದು ನನಗೆ ಎಷ್ಟು ಹೊಸತಾಗಿತ್ತೆಂದರೆ ಎರಡು ಸಲ ಎದ್ದು ತಟ್ಟೆ ತೊಳೆಯಲು ಹೋದೆ. ಎರಡು ಸಲವೂ ಅವರು ಗದರಿಸಿ ಕೂರಿಸಿದರು.

ಸಂಜೆ ಗೊಂಬೆಮನೆಗೆ ಹೋದೆವು. ಈ ಊರಿನ ಹೆಸರು ದೂರದೂರಕ್ಕೆ ಹೋದದ್ದೇ ಯಕ್ಷಗಾನ ಗೊಂಬೆಯಾಟದಿಂದ. ಕಾಮತರ ಒಂದೇ ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಲೆ ಇದು. ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ಮಗ ಭಾಸ್ಕರ ಕೊಗ್ಗ ಕಾಮತರದು ಆರನೆಯ ತಲೆಮಾರು. ಗೊಂಬೆಗಳನ್ನು ಹೊತ್ತು ಹೊರದೇಶಗಳಿಗೂ ಹೋಗಿ ಆಡಿಸಿ ಬಂದವರು. ಕುದ್ರುವಿನಲ್ಲಿ ಗೊಂಬೆಮನೆಯನ್ನು ಕಟ್ಟಿ ನಿಲ್ಲಿಸಿದವರೂ ಅವರೇ.

ಗೊಂಬೆಗಳು ಒಂದೂವರೆ ಅಡಿಯಿಂದ ಎರಡು ಅಡಿ ಎತ್ತರದವು. ಹಗುರ ಮರದಲ್ಲಿ ಕೆತ್ತಿದ ಮುಖ, ಕೈಕಾಲು. ವೇಷವೆಲ್ಲ ಬಡಗುತಿಟ್ಟಿನದು: ಕೇದಗೆ ಮುಂದಲೆ, ಮುಂಡಾಸು, ಎದೆಯ ಮೇಲಿನ ಆಭರಣ, ಒಂದೂ ಬಿಟ್ಟುಹೋಗಿಲ್ಲ. ಭಾಗವತರ ಪದ, ಮದ್ದಳೆ, ಚೆಂಡೆ ಎಲ್ಲವೂ ನಿಜದ ಆಟದ್ದೇ. ಸೂತ್ರ ಹಿಡಿದವರು ಮರೆಯಲ್ಲಿ ನಿಲ್ಲುತ್ತಾರೆ. ಐದು ನಿಮಿಷ ನೋಡುವಷ್ಟರಲ್ಲಿ ಗೊಂಬೆ ಚಿಕ್ಕದೆಂಬುದೇ ಮರೆತುಹೋಗುತ್ತದೆ. ಕಾಸರಗೋಡಿನಲ್ಲಿ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರು ನಮ್ಮ ತೆಂಕುತಿಟ್ಟಿನ ವೇಷದಲ್ಲೇ ಗೊಂಬೆ ಆಡಿಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಎರಡನ್ನೂ ನೋಡಿದವರಿಗೆ ತೆಂಕು ಬಡಗಿನ ವ್ಯತ್ಯಾಸ ಕಲಿಯಲು ಬೇರೆ ಪಾಠ ಬೇಡ.

ಅಂದು ಇದ್ದದ್ದು ಲಂಕಾದಹನ. ಹನುಮಂತ ಕಡಲು ಹಾರಿ ಬಂದು ಸೀತೆಗೆ ಉಂಗುರ ಕೊಡುವುದು, ಅವಳು ಚೂಡಾಮಣಿ ಕೊಟ್ಟು ಕಳುಹಿಸುವುದು, ಆಮೇಲೆ ಬಾಲಕ್ಕೆ ಬೆಂಕಿ. ಮಕ್ಕಳೆಲ್ಲ ಬೆಂಕಿಗಾಗಿ ಕಾದು ಕೂತಿದ್ದರು. ನನ್ನ ಕಣ್ಣು ಸೀತೆಯ ಮೇಲೆ. ಅವಳಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಗಂಡನ ಕಡೆಯಿಂದ ಒಂದು ಸುದ್ದಿ, ಅಷ್ಟೇ. ಅವರಿಬ್ಬರ ನಡುವೆ ಸಮುದ್ರವಿತ್ತು. ನಮ್ಮ ನಡುವೆ ಒಂದು ಊಟದ ಮೇಜು ಮಾತ್ರ ಇದ್ದದ್ದು.

ಆಟ ಮುಗಿದ ಮೇಲೆ ತಂಡದ ಹುಡುಗನೊಬ್ಬ ಒಂದು ಗೊಂಬೆಯನ್ನು ತಂದು, "ಹಿಡಿದು ನೋಡ್ತ್ರ್ಯಾ?" ಎಂದ. ನಮ್ಮವರು ಹಿಂದೆ ಸರಿದರು. ಆಮೇಲೆ ಏನೆನಿಸಿತೋ, ಮುಂದೆ ಬಂದು ಸೂತ್ರ ಹಿಡಿದರು. ಅರ್ಜುನನ ಗೊಂಬೆ. ಬಿಲ್ಲು ಎತ್ತಬೇಕಾಗಿದ್ದ ಪಾರ್ಥ ಮೊದಲು ಒಂದು ಕಾಲೆತ್ತಿದ, ಆಮೇಲೆ ಸೊಂಟ ತಿರುಗಿಸಿದ, ಕೊನೆಗೆ ದೊಪ್ಪನೆ ಮೊಣಕಾಲೂರಿ ಮುಖ ಅಡಿಯಾಗಿ ಬಿದ್ದ. ಮಕ್ಕಳು ಹೋ ಎಂದು ನಕ್ಕರು. ಮಕ್ಕಳ ನಗುವಿನ ನಡುವೆ ಒಂದು ದೊಡ್ಡ ನಗು ಕೇಳಿತು. ತಿರುಗಿ ನೋಡಿದರೆ ನಮ್ಮವರು! ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ. ಆ ನಗುವನ್ನು ನಾನು ಕೇಳದೆ ಎಷ್ಟು ತಿಂಗಳಾಗಿತ್ತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

"ಇದು ಬರಲಿಕ್ಕೆ ಎಷ್ಟು ಸಮಯ ಬೇಕು?" ಎಂದು ಇವರು ಕೇಳಿದರು. ಆ ಹುಡುಗ, "ಗೊಂಬೆ ನೆಟ್ಟಗೆ ನಿಲ್ಲುಕೇ ತಿಂಗಳುಗಟ್ಲೆ ಬೇಕ್" ಎಂದ. ನೆಟ್ಟಗೆ ನಿಲ್ಲಲಿಕ್ಕೇ ತಿಂಗಳುಗಳು. ಇವರು ತಲೆಯಾಡಿಸಿದರು.

ರಾತ್ರಿ ಊಟವಾದ ಮೇಲೆ ಹೊಳೆಯ ಬದಿಯ ಕಟ್ಟೆಯಲ್ಲಿ ಕೂತೆವು. ಮಾಡಲು ಕೆಲಸವಿಲ್ಲ. ನೆನೆಹಾಕಬೇಕಾದ ಅಕ್ಕಿ ಇಲ್ಲ, ನೋಡಬೇಕಾದ ಹಟ್ಟಿ ಇಲ್ಲ, ಟಿ.ವಿ. ಇಲ್ಲ. ಉಬ್ಬರದ ನೀರು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಿತ್ತು. ಬಹಳ ಹೊತ್ತಾದ ಮೇಲೆ ಇವರು ನೀರನ್ನೇ ನೋಡುತ್ತ, "ಇವಳೇ, ನಿನಗೊಂದು ವಿಷಯ ಹೇಳಬೇಕಿತ್ತು" ಎಂದರು.

ಎರಡನೆಯ ಸಲ ಸಸಿ ಇಡುವಾಗ ನನಗೆ ಹೇಳದೆ ಸಾಲ ತೆಗೆದಿದ್ದರು. ಆ ಸಸಿಯೂ ಹಳದಿಯಾಯಿತು. ಕಂತು ಬಾಕಿಯಾಗಿ ನೋಟೀಸು ಬಂದಿತ್ತು. "ನಿನಗೆ ಹೇಳಲಿಕ್ಕೆ ಮುಖ ಇರಲಿಲ್ಲ" ಎಂದರು.

ನಾನು ಹೇಳಿದೆ: "ನನಗೆ ಗೊತ್ತುಂಟು. ಕಪಾಟಿಗೆ ಹಾಸಿದ ಪೇಪರಿನ ಅಡಿಯಲ್ಲಿ ಆ ನೋಟೀಸನ್ನು ನಾನು ಆಟಿ ತಿಂಗಳಲ್ಲೇ ನೋಡಿದ್ದೇನೆ."

ಅವರು ಬೆಚ್ಚಿ ನನ್ನ ಕಡೆ ತಿರುಗಿದರು. "ಮತ್ತೆ ಕೇಳಲಿಲ್ಲ ಯಾಕೆ?"

ಯಾಕೆ? ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿರಲಿಲ್ಲ, ಸೋದರಿಯರೇ. ನೋಯಿಸಬಾರದೆಂದು ಕೇಳಲಿಲ್ಲ ಎಂದು ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿದ್ದೆ. ಆ ಕಟ್ಟೆಯ ಮೇಲೆ ಕೂತಾಗ ತಿಳಿಯಿತು, ಅದು ಅರ್ಧ ಮಾತ್ರ ನಿಜ. ಅವರಾಗಿಯೇ ಬಂದು ಹೇಳಲಿ ಎಂಬ ಹಟ ನನ್ನಲ್ಲೂ ಇತ್ತು. ಅವರು ಸಾಲ ಬಚ್ಚಿಟ್ಟರು, ನಾನು ಗೊತ್ತಿದ್ದದ್ದನ್ನು ಬಚ್ಚಿಟ್ಟೆ. ಒಂದೇ ಕಪಾಟಿನಲ್ಲಿ ಇಬ್ಬರ ಗುಟ್ಟೂ ಇತ್ತು. ಇದನ್ನು ಅವರಿಗೂ ಹೇಳಿದೆ.

ಆ ರಾತ್ರಿ ನಾವು ಮಾತಾಡಿದ ಹಾಗೆ ಮದುವೆಯಾದ ಹೊಸತರಲ್ಲೂ ಮಾತಾಡಿರಲಿಕ್ಕಿಲ್ಲ. ಕೋಪವೂ ಬಂತು, ಅಳುವೂ ಬಂತು. ನಡುವೆ ಒಮ್ಮೆ ಇವರು ಬಿದ್ದ ಅರ್ಜುನನನ್ನು ನೆನೆದು ನಕ್ಕದ್ದೂ ಉಂಟು. ನೀರು ಇಳಿಯತೊಡಗಿದ ಮೇಲೆಯೇ ಎದ್ದು ಒಳಗೆ ಹೋದೆವು.

ಮರುದಿನ ಹಿಂದಿರುಗುವ ದಾರಿಯಲ್ಲಿ ಕೋಟಕ್ಕೆ ಹೋಗಿ ಶಿವರಾಮ ಕಾರಂತರ ಹುಟ್ಟೂರನ್ನು ನೋಡಿದೆವು. 1902ರಲ್ಲಿ ಅಲ್ಲಿ ಹುಟ್ಟಿದ ಕಾರಂತರು ನಮ್ಮ ಪುತ್ತೂರಿಗೆ ಬಂದು ಬಾಲವನದಲ್ಲಿ ನೆಲೆಸಿದರು. 'ಯಕ್ಷಗಾನ ಬಯಲಾಟ' ಎಂಬ ಅವರ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬಡಗಿನಲ್ಲಿ ಹುಟ್ಟಿ ತೆಂಕಿನಲ್ಲಿ ಬಾಳಿದವರು ಎಂದು ಇವರು ಬಸ್ಸಿನಲ್ಲಿ ನನಗೆ ವಿವರಿಸುತ್ತಾ ಬಂದರು. ಎದುರಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನೋಡಲಿ! ನನಗಂತೂ ಆ ಗಟ್ಟಿ ದನಿ ಕೇಳಿ ಸಾಕಾಗಿರಲಿಲ್ಲ.

ಮನೆಗೆ ಬಂದಾಗ ತೋಟ ಹಸಿರಾಗಿರಲಿಲ್ಲ. ಸಾಲವೂ ಹಾಗೇ ಇತ್ತು, ಇಂದಿಗೂ ಇದೆ. ಆದರೆ ಮಾರನೆಯ ವಾರ ಇಬ್ಬರೂ ಹೋಗಿ ಕಂತನ್ನು ಹೊಸದಾಗಿ ಗೊತ್ತುಮಾಡಿಕೊಂಡು ಬಂದೆವು. ಕೆಳಗಿನ ತೋಟಕ್ಕೆ ಮೂರನೆಯ ಸಲ ಅಡಿಕೆ ಸಸಿ ಇಡುವುದಿಲ್ಲವೆಂದು ತೀರ್ಮಾನಿಸಿದೆವು. ಕಾಫಿ, ಜಾಯಿಕಾಯಿ ಇಟ್ಟು ನೋಡುವುದು. ಬರುತ್ತದೋ ಇಲ್ಲವೋ, ಬರದಿದ್ದರೆ ಅದನ್ನು ಇಬ್ಬರೂ ಒಟ್ಟಿಗೇ ನೋಡುತ್ತೇವೆ. ಈಗ ಸಾರಿಗೆ ಉಪ್ಪು ಸಾಲದಿದ್ದರೆ ಮತ್ತೆ ವಾದ ಶುರುವಾಗಿದೆ ಎಂಬುದನ್ನೂ ಸಂತೋಷದಿಂದ ತಿಳಿಸುತ್ತೇನೆ.

ಕಡಬದ ಸೋದರಿಯೇ, ನೀವು ಕೇಳಿದಿರಿ, ಮಾತಾಡಲಿಕ್ಕೆ ಎಂತ ಉಂಟು ಎಂದು. 26 ವರ್ಷ ಸಂಸಾರ ಮಾಡಿದವರಲ್ಲಿ ಮಾತು ಇಲ್ಲದೆ ಇರುವುದುಂಟೇ? ಒಟ್ಟಿಗೆ ಕೂರುವ ಬಿಡುವು ಇಲ್ಲ, ಅಷ್ಟೇ. ಮನೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಂತಿರುತ್ತಾರೆ. ಮೊದಲ ದಿನ ನೀವಿಬ್ಬರೂ ಸುಮ್ಮನೆಯೇ ಇರುತ್ತೀರಿ, ಅದಕ್ಕೆ ಹೆದರಬೇಡಿ. ನಾವೂ ಪುತ್ತೂರಿನಿಂದ ಕುಂದಾಪುರದವರೆಗೆ ಚೀಲದ ವಿಷಯ ಬಿಟ್ಟರೆ ಬೇರೆ ಮಾತಾಡಲಿಲ್ಲ. ಎಲ್ಲರಿಗೂ ನಮ್ಮ ಹಾಗೆ ಒಂದೇ ರಾತ್ರಿಗೆ ಗಂಟು ಬಿಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಕೂತು ನೋಡಿ ಎಂದಷ್ಟೇ ಹೇಳುತ್ತೇನೆ.

ಹೊರಡುವವರಿಗೆ ಕೆಲವು ಕಿವಿಮಾತು:

ಮನೆಯ ಹಿರಿಯರಿಗೆ ಇದ್ದದ್ದನ್ನೇ ಹೇಳಿ. ಹರಕೆಯ ನೆಪ ಬೇಡ. ನಮ್ಮ ಅತ್ತೆಯಂದಿರಿಗೂ ಹೇಳದೆ ಉಳಿದ ಆಸೆಗಳಿದ್ದುವು ಎಂಬುದು ನಮಗೆ ತಿಳಿಯುವುದು ಹೀಗೆಯೇ. ಹಿಂದಿರುಗಿದ ಮೇಲೆ ಅವರನ್ನೂ ಒಂದು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗಿ.

ಮಳೆಗಾಲದಲ್ಲಿ ಹೊಳೆಯ, ಕಡಲಿನ ಬದಿ ಬೇಡ. ನವರಾತ್ರಿ ಕಳೆದ ಮೇಲೆ ಶಿವರಾತ್ರಿಯವರೆಗೆ ಹಿತ. ಬಿಸಿಲಿಗೆ ಕೊಡೆ, ಕೆಸರಿಗೆ ರಬ್ಬರ್ ಚಪ್ಪಲಿ ಇರಲಿ.

ಗೊಂಬೆಯಾಟ ದಿನವೂ ಇರುವುದಿಲ್ಲ. ಯಾವತ್ತು ಇದೆಯೆಂದು ಮೊದಲೇ ವಿಚಾರಿಸಿಕೊಂಡು ಟಿಕೆಟು ತೆಗೆಯಿರಿ. ನೋಡಿ ಖುಷಿಯಾದರೆ ಕಲಾವಿದರಿಗೆ ಕೈಲಾದದ್ದನ್ನು ಕೊಟ್ಟು ಬನ್ನಿ.

ಖರ್ಚಿನ ಲೆಕ್ಕಕ್ಕೆ ಅಂಜಬೇಡಿ. ನೆಂಟರ ಒಂದು ಮದುವೆಗೆ ಉಡುಗೊರೆ ಕೊಡುವ ಸೀರೆಯ ಬೆಲೆಯಲ್ಲಿ ನಮ್ಮ ಇಬ್ಬರ ಹೋಗಿ ಬರುವ ಖರ್ಚು ಮುಗಿಯಿತು.

ಎರಡು ದಿನ ಬಿಡಲಾಗದವರು ಅರ್ಧ ದಿನವಾದರೂ ಹೋಗಿ. ಪುತ್ತೂರಿನವರಿಗೆ ಬಾಲವನದಲ್ಲಿ ಕಾರಂತರ ಮನೆ ಇದೆ, ನೆರಳಿದೆ. ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಕೂಡುವ ಸಂಗಮವಿದೆ. ಸುಳ್ಯದವರಿಗೆ ತೊಡಿಕಾನದಲ್ಲಿ ದೇವಸ್ಥಾನದ ಮೀನುಗಳಿವೆ. ಬುತ್ತಿ ಕಟ್ಟಿಕೊಳ್ಳಿ. ಫೋನನ್ನು ಚೀಲದ ಅಡಿಗೆ ಹಾಕಿ.

ಇನ್ನು ಕುದ್ರುವಿನ ಮನೆಯೊಡತಿ ನನಗೆ ಕಲಿಸಿಕೊಟ್ಟ ಹಾಲುಬಾಯಿ. ಮಾಂಸ ಮೀನು ತಿನ್ನದವರಿಗೂ ಆಗಲಿ ಎಂದು ಇದನ್ನೇ ಆರಿಸಿದ್ದೇನೆ.

ಬೇಕಾಗುವ ಸಾಮಾನು: ಬೆಳ್ತಿಗೆ ಅಕ್ಕಿ 1 ಲೋಟ, ತುರಿದ ತೆಂಗಿನಕಾಯಿ 1 ಲೋಟ, ಪುಡಿ ಮಾಡಿದ ಬೆಲ್ಲ ಒಂದೂಕಾಲು ಲೋಟ, ನೀರು 4 ಲೋಟ, ತುಪ್ಪ 3 ದೊಡ್ಡ ಚಮಚ, ಏಲಕ್ಕಿ 4, ಒಂದು ಚಿಟಿಕೆ ಉಪ್ಪು.

ಮಾಡುವ ಕ್ರಮ: ಅಕ್ಕಿಯನ್ನು ತೊಳೆದು 3 ಗಂಟೆ ನೆನೆಸಿ. ತೆಂಗಿನತುರಿಯ ಜೊತೆ ಸ್ವಲ್ಪ ನೀರು ಹಾಕಿ ಬೆಣ್ಣೆಯ ಹಾಗೆ ನುಣ್ಣಗೆ ಅರೆಯಿರಿ. ತರಿ ಉಳಿದರೆ ಹಾಲುಬಾಯಿ ಕೆಟ್ಟಿತು. ಬೆಲ್ಲವನ್ನು ಉಳಿದ ನೀರಿನಲ್ಲಿ ಕರಗಿಸಿ ಸೋಸಿ ದಪ್ಪ ತಳದ ಬಾಣಲೆಗೆ ಹಾಕಿ. ಅದಕ್ಕೆ ಅರೆದ ಹಿಟ್ಟು, ಉಪ್ಪು ಸೇರಿಸಿ, ಗಂಟಿಲ್ಲದ ಹಾಗೆ ಕಲಸಿದ ಮೇಲೆಯೇ ಒಲೆ ಹಚ್ಚಿ. ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚುತ್ತಿರಬೇಕು. ಗಟ್ಟಿಯಾಗುತ್ತ ಬಂದಂತೆ ತುಪ್ಪವನ್ನು ಚೂರು ಚೂರೇ ಹಾಕಿ. ಹಿಟ್ಟು ಹೊಳೆಯತೊಡಗಿ, ಬಾಣಲೆಯ ಬದಿ ಬಿಟ್ಟು ಒಂದೇ ಮುದ್ದೆಯಾಗಿ ಸುತ್ತಿದಾಗ ಏಲಕ್ಕಿ ಪುಡಿ ಹಾಕಿ ಇಳಿಸಿ. ತುಪ್ಪ ಸವರಿದ ತಟ್ಟೆಗೆ ಸುರಿದು ಸಮ ಮಾಡಿ, ಪೂರ್ತಿ ಆರಿದ ಮೇಲೆ ತುಂಡು ಮಾಡಿ. ಬಿಸಿಯಲ್ಲೇ ಕತ್ತಿ ಹಾಕುವ ಅವಸರ ಬೇಡ.

ಗಟ್ಟಿಯಾಗುವ ಕೊನೆಯ ಹತ್ತು ನಿಮಿಷ ನಮ್ಮ ರಟ್ಟೆಗೆ ಬಹಳ ಕಷ್ಟ. ಆ ಹೊತ್ತಿಗೆ ಯಜಮಾನರನ್ನು ಕರೆದು ಸಟ್ಟುಗ ಕೈಗೆ ಕೊಡಿ. ನಮ್ಮ ಮನೆಯಲ್ಲಿ ಹಾಗೆಯೇ ನಡೆಯುತ್ತಿದೆ. "ಸೂತ್ರ ಹಿಡಿಯಲಿಕ್ಕೆ ಬಾರದವನಿಗೆ ಸಟ್ಟುಗವಾ?" ಎಂದು ಗೊಣಗುತ್ತಾರೆ, ಮಗುಚುತ್ತಾರೆ.

ಕಡಬದ ಸೋದರಿ ಸೀರೆಯ ಮಡಿಕೆಯಿಂದ ಹಣ ತೆಗೆದರೋ ಇಲ್ಲವೋ ಎಂದು ನನಗೆ ಬರೆಯಲಿ. ಕಾಯುತ್ತಿರುತ್ತೇನೆ.